ಹುಲಿಕುಂಟೆ ಗಂಗಮ್ಮನ ಹಾಡಿನ ಪುಸ್ತಕ

ಮಧುಗಿರಿ ಬಸ್ ನಿಲ್ದಾಣದಿಂದ ಆ ಹಾಡಿನ ಪುಸ್ತಕ ಅಚ್ಚಾದ ಪ್ರೆಸ್ಸಿಗೆ ನಡೆದು ಹೋದರೆ ಐದು ನಿಮಿಷ. ಹೋಗಿ ಒಂದು ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. ಕೈಯಲ್ಲಿದ್ದ ಪುಸ್ತಕದ ರಟ್ಟಿನಲ್ಲಿ, ಒಳಗಿನ ಹಾಳೆಗಳಲ್ಲಿ ಇಲ್ಲದ ಮೂರು ತೂತುಗಳು ಕಂಡಿದ್ದವು. ಅದನ್ನೂ ಯಾರಿಗೂ ಹೇಳಲಿಲ್ಲ. ಈ ಎರಡು ಕೆಲಸ ಮಾಡದೆ ಹೋದದ್ದರಿಂದ ನನ್ನ ಅಕ್ಕ ಗಂಗಮ್ಮ, ತಾನೇ ಕಟ್ಟಿದ ಹಾಡುಗಳನ್ನು ಕದ್ದವಳು ಅನ್ನಿಸಿಕೊಂಡಳು. ಒಂದು ದಿನವಲ್ಲ, ಇಪ್ಪತ್ತು ವರ್ಷಕ್ಕೂ ಮೇಲೆ.

ನಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೆ ಹೊಸದಾಗಿ ಬಂದಿರುವ ಉಪನ್ಯಾಸಕಿ ಸುಜಾತ ಅವರು ವಿದ್ಯಾರ್ಥಿಗಳನ್ನು ಹಳೆಯ ಅಚ್ಚಿನ ಪುಸ್ತಕ ಹುಡುಕಲು ಹಳ್ಳಿಗಳಿಗೆ ಕಳಿಸುತ್ತಿದ್ದಾರೆ. ಆ ಮಕ್ಕಳಿಗಾಗಿ ನನ್ನ ಅನುಭವ ಬರೆದುಕೊಡಿ ಎಂದು ಕೇಳಿದರು. ನಾನು ಓದಿದ್ದು ಏಳನೇ ತರಗತಿ. ಅದೇ ವಿಭಾಗದಲ್ಲಿ ಅಟೆಂಡರ್ ಆಗಿದ್ದೆ. ಬರೆಯಬೇಕಾದದ್ದು ಮೇಲೆ ಹೇಳಿದ ಮಾತೇ. ಆದರೆ ಅದು ಅರ್ಥವಾಗಬೇಕಾದರೆ ಕೆಲಸ ಹೇಗಿತ್ತು ಎಂದು ಮೊದಲು ಹೇಳಬೇಕು.

ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಅವರ ಸಂಶೋಧನೆ, ನಮ್ಮ ಕಡೆಗೆ ಅಚ್ಚು ಬಂದ ಹೊಸದರಲ್ಲಿ ಸಾಮಾನ್ಯ ಜನ ಏನು ಓದಿದರು, ಏನು ಹಾಡಿದರು ಎಂಬುದರ ಮೇಲೆ. ಸಂತೆಯಲ್ಲಿ ಗೋಣಿಚೀಲ ಹಾಸಿ ಮಾರುತ್ತಿದ್ದ ಹದಿನಾರು, ಮೂವತ್ತೆರಡು ಪುಟದ ಪುಸ್ತಕಗಳು ಅವರಿಗೆ ಬೇಕು. ಬಯಲಾಟದ ಪ್ರಸಂಗ, ತತ್ವಪದ, ಶಕುನದ ಪುಸ್ತಕ, ಮದುವೆ ಹಾಡು. ಅಂಥವು ಯಾವ ಲೈಬ್ರರಿಯಲ್ಲೂ ಇರುವುದಿಲ್ಲ. ಮನೆಗಳ ಅಟ್ಟದಲ್ಲಿ, ದೇವರ ಗೂಡಿನಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಇರುತ್ತವೆ. ಅವನ್ನು ಹುಡುಕಿ ತರುವುದು, ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿನಲ್ಲಿ ನಾನು ಹತ್ತದ ಜಗಲಿ ಕಡಿಮೆ.

ಹತ್ತಿದ ಕಡೆಯೆಲ್ಲ ಅನುಮಾನ. ಚೀಲ, ಪೆನ್ನು, ಪಟ್ಟಿ ಹಿಡಿದವನು ಸರ್ವೆಗೆ ಬಂದನೋ, ಕೋರ್ಟಿನಿಂದ ಬಂದನೋ ಎಂದು. ಬಡವನಹಳ್ಳಿಯಲ್ಲಿ ಒಬ್ಬ ಹೆಂಗಸು ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಮಾತಾಡಿದಳು.

"ಹಳೇ ಪೇಪರ್ ಕೇಳ್ಕೊಂಡ್ ಬರೋರ್ಗೆ ನೀರೂ ಕೊಡಬ್ಯಾಡ ಅಂತ ನಮ್ಮತ್ತೆ ಹೇಳವ್ರೆ."

"ನೀರು ಬೇಡ ತಾಯಿ. ಹಾಡಿನ ಪುಸ್ತಕ ಇದ್ರೆ ತೋರ್ಸಿ, ಸಾಕು."

"ನೀರೇ ಕೊಡಬ್ಯಾಡ ಅಂದೋರು ಪುಸ್ತಕ ಕೊಡು ಅಂದಾರಾ? ಒಳ್ಳೆ ಹೇಳಿದ್ರಿ ಬುಡಿ."

ಆಮೇಲೆ ನಾನು ಒಂದು ದಾರಿ ಕಂಡುಕೊಂಡೆ. ಪೂಜೆ ಮಾಡುವ ಪುಸ್ತಕವನ್ನು ಬರಿಗೈಯಲ್ಲಿ ಕೇಳಬಾರದು. ಎಲೆ ಅಡಿಕೆ, ಒಂದು ತೆಂಗಿನಕಾಯಿ ಪುಸ್ತಕದ ಮುಂದೆ ಇಟ್ಟು ಕೇಳಬೇಕು, ಮನೆಯ ಹೆಣ್ಣನ್ನು ಕೇಳುವ ಹಾಗೆ. ಯಾವತ್ತು ವಾಪಸ್ ತರುತ್ತೇನೆ ಎಂದು ಹೇಳಬೇಕು, ಆ ದಿನವೇ ತರಬೇಕು. ಈ ಕ್ರಮ ಯಾವ ಪಾಠದಲ್ಲೂ ಇಲ್ಲ. ಬಾಗಿಲುಗಳು ತೆರೆದದ್ದು ಇದರಿಂದಲೇ.

ಪೆಟ್ಟು ತಿಂದದ್ದೂ ಇದೆ. ಪಾವಗಡದ ಕಡೆ ಒಂದು ಮನೆಯಲ್ಲಿ ಕಟ್ಟು ಬಿಚ್ಚಿ ಪುಸ್ತಕ ಆರಿಸುತ್ತಿದ್ದೆ. ಒಂದರಲ್ಲಿ ಕನ್ನಡ ಅಕ್ಷರವೇ ಇದೆ, ಆದರೆ ಒಂದು ಸಾಲೂ ಅರ್ಥವಾಗಲಿಲ್ಲ. ಕಂಪೋಸ್ ಮಾಡಿದವನಿಗೆ ತಲೆ ಕೆಟ್ಟಿತ್ತು ಎಂದುಕೊಂಡು ಪಕ್ಕಕ್ಕೆ ಎಸೆದೆ. ಮನೆಯ ಅಜ್ಜಿ ಅದನ್ನು ಎತ್ತಿಕೊಂಡು, ಕನ್ನಡಕ ಏರಿಸಿ, ರಾಗವಾಗಿ ಓದುತ್ತಾ ಹೋದಳು.

"ಇದಿ ತೆಲುಗು ನಾಯನಾ," ಎಂದು ನಕ್ಕಳು. "ಮಾತು ನಮ್ದು, ಅಕ್ಷರ ನಿಮ್ದು. ಈ ಊರಲ್ಲಿ ನಾವೂ ಅಂಗೇ ಅಲ್ವಾ ಇರೋದು."

ತೆಲುಗು ಹಾಡನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಮುಂಚೆ ಅಂಥವು ಎಷ್ಟನ್ನು ಎಸೆದು ಬಂದಿದ್ದೆನೋ, ಲೆಕ್ಕವಿಲ್ಲ.

ಓದು ಕಡಿಮೆಯಾದರೂ ನನ್ನ ಬೆರಳು ಚೆನ್ನಾಗಿತ್ತು. ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ ಹಾಳೆಯ ಹಿಂಬದಿ ಸವರಿದರೆ ಅಕ್ಷರ ಉಬ್ಬಿರುವುದು ತಿಳಿಯುತ್ತದೆ. ಹೊಸ ಮೊಳೆಯ ಉಬ್ಬು ಬೇರೆ, ಸವೆದ ಮೊಳೆಯದು ಬೇರೆ. ಎಂ.ಎ. ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂರಿಸಿ, ಇದನ್ನು ಕಲಿಸುವ ಕೆಲಸವನ್ನು ಮೇಡಂ ನನಗೇ ಕೊಡುತ್ತಿದ್ದರು. ವಾರಕ್ಕೆ ಒಂದು ಗಂಟೆ ನಾನು ಮೇಷ್ಟ್ರು. ಅಟೆಂಡರ್ ಬಟ್ಟೆಯಲ್ಲೇ.

ಹಳ್ಳಿಯಿಂದ ಬಂದ ತಕ್ಷಣ ನನ್ನ ಚೀಲವನ್ನು ಮೇಜಿನ ಮೇಲೆ ಪೂರ್ತಿ ಸುರಿಸಿ ಒಂದೊಂದನ್ನೂ ಪಟ್ಟಿಗೆ ಹೋಲಿಸಿ ನೋಡುವುದು ಮೇಡಂ ಪದ್ಧತಿ. ಒಂದು ದಿನ ತಡೆಯಲಾರದೆ, "ಕದ್ದುಕೊಂಡು ಹೋಗ್ತೀನಿ ಅಂತಾನಾ ಮೇಡಂ?" ಎಂದೆ.

"ನಿನ್ನ ಮೇಲೆ ಅನುಮಾನ ಅಲ್ಲಪ್ಪ," ಎಂದರು ಅವರು, ತಲೆ ಎತ್ತದೆ. "ನಿನ್ನ ಪಟ್ಟಿ ಮೇಲೆ."

ಈ ಮಾತು ನನಗೆ ಆವತ್ತು ತಿಳಿಯಲಿಲ್ಲ. ನಾನು ಉಲ್ಟಾ ಕಲಿತೆ. ಪಟ್ಟಿಯನ್ನು ನಂಬಿದೆ, ಮನುಷ್ಯರನ್ನು ನಂಬಲಿಲ್ಲ.

ಅದಕ್ಕೆ ಒಂದು ಕಾರಣವೂ ಒದಗಿತು. ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರು ಕೈಬರಹದ ದಪ್ಪ ಪುಸ್ತಕ ತೋರಿಸಿದರು. ಬಯಲಾಟದ ಪ್ರಸಂಗ. "ನಮ್ಮ ತಾತಂಗೆ ದೇವ್ರು ಕನಸಲ್ಲಿ ಬಂದು ಹೇಳ್ತಿದ್ದ, ತಾತ ಬೆಳಗ್ಗೆ ಎದ್ದು ಬರ್ಕೋತಿದ್ದ," ಎಂದರು. ಊರಿನವರೆಲ್ಲ ಕೈ ಮುಗಿದು ನಿಂತಿದ್ದರು. ನಾನು ಹಾಳೆ ತಿರುವುತ್ತಾ ಕೊನೆಗೆ ಬಂದೆ. ಕೊನೆಯ ಪುಟದಲ್ಲಿ ಅದೇ ಅಂದವಾದ ಕೈಬರಹದಲ್ಲಿ 'ತಪ್ಪು, ಒಪ್ಪು' ಎಂದು ಅಚ್ಚಿನ ಪುಸ್ತಕಗಳ ಹಿಂದೆ ಇರುವಂಥ ಪಟ್ಟಿ. ಇಂಥ ಪುಟ, ಇಂಥ ಸಾಲು ಎಂದು ಕೊಟ್ಟಿದೆ. ಕೈಬರಹದ ಪುಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ತಾತ ಅಚ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ, ತಪ್ಪುಗಳನ್ನೂ ಬಿಡದೆ, ಆ ತಪ್ಪುಗಳ ತಿದ್ದುಪಡಿಯನ್ನೂ ಬಿಡದೆ ನಕಲು ಮಾಡಿದ್ದರು.

"ದೇವ್ರು ಮೊದ್ಲು ತಪ್ಪಾಗಿ ಹೇಳ್ಬುಟ್ಟು, ಆಮೇಲೆ ತಿದ್ದುಪಡಿ ಕಳಿಸಿದ್ನಾ ಯಜಮಾನ್ರೆ?" ಎಂದೆ. ಊರಿನವರು ನಕ್ಕರು. ಆ ಮನೆಯವರು ಮತ್ತೆ ನನಗೆ ಬಾಗಿಲು ತೆರೆಯಲಿಲ್ಲ.

ಮೇಡಂ ಈ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತರಗತಿಯಲ್ಲೂ ಹೇಳಿದರು. ಅಂದಿನಿಂದ ಯಾವ ಪುಸ್ತಕ ಬಂದರೂ, "ಸಿದ್ದಪ್ಪ ನೋಡಿದ್ದಾನಾ?" ಎಂದು ಕೇಳುವುದು ರೂಢಿಯಾಯಿತು. ನನ್ನ ತಲೆ ತಿರುಗಿದ್ದು ಆವಾಗ. ನಮ್ಮ ತಾತ ಬರೆದದ್ದು, ನಮ್ಮಜ್ಜಿ ಕಟ್ಟಿದ್ದು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಎಲ್ಲಿಂದ ಕದ್ದದ್ದು ಎಂದು ನನ್ನ ಮನಸ್ಸು ಹುಡುಕಲು ಶುರು ಮಾಡುತ್ತಿತ್ತು.

ಇನ್ನು ಅಕ್ಕನ ವಿಷಯ.

ನಾವು ಹೊಳವನಹಳ್ಳಿ ಕಡೆಯವರು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದರು. ಹದಿನಾರಕ್ಕೆ ಶಿರಾ ತಾಲ್ಲೂಕಿನ ಹುಲಿಕುಂಟೆಗೆ ಮದುವೆ ಮಾಡಿಕೊಟ್ಟರು. ಆ ಸೀಮೆಯಲ್ಲಿ ಎಲ್ಲಿ ಮದುವೆಯ ಹಸೆ ಬರೆದರೂ ಹಾಡಲಿಕ್ಕೆ ಗಂಗಮ್ಮನೇ ಬೇಕು. ಹೆಂಗಸರ ಮದುವೆ ಹಾಡುಗಳ ಬಗ್ಗೆ ಮೇಡಂ ಪುಸ್ತಕ ಬರೆಯುತ್ತಿದ್ದಾಗ ಅವರನ್ನು ಅಕ್ಕನ ಮನೆಗೆ ನಾನೇ ಕರೆದುಕೊಂಡು ಹೋದೆ. ಅಕ್ಕ ಒಂಬತ್ತು ಹಾಡು ಹಾಡಿದಳು.

"ಇವು ಬೇರೆ ಕಡೆ ಕೇಳಿಲ್ಲವಲ್ಲ, ಯಾರಿಂದ ಕಲಿತಿರಿ?" ಎಂದು ಮೇಡಂ ಕೇಳಿದರು.

"ನಾನೇ ಕಟ್ಟಿದ್ದು ಕಣಮ್ಮ. ಈ ಮನೆಗೆ ಬಂದ್ ಹೊಸದ್ರಲ್ಲಿ ನೋಟ್‌ಬುಕ್ಕಲ್ಲಿ ಬರ್ದಿಟ್ಟಿದ್ದೆ. ನಮ್ ನಾದಿನಿ ಮದ್ವೇಲಿ ಹಂಚಾಕೆ ಅಂತ ನಮ್ಮಾವ ಮಧುಗಿರೀಲಿ ಅಚ್ಚು ಹಾಕ್ಸಿದ್ರು. ಹೆಂಗಸ್ರ ಹೆಸ್ರು ಬ್ಯಾಡ ಅಂದ್ರು. ಹೆಸ್ರು ಹೋದ್ರೆ ಹೋಗ್ಲಿ, ಹಾಡು ಇರ್ತದಲ್ಲ ಅಂತ ಸುಮ್ಕಾದೆ."

"ಆ ಪುಸ್ತಕ ಇದೆಯಾ?"

"ಎಲ್ಲಾ ಬೀಗರ ಕಡೆಯೋರು ಹೊತ್ಕೊಂಡ್ ಹೋದ್ರು. ನೋಟ್‌ಬುಕ್ ಗೆದ್ದಲು ತಿಂತು."

ತಮ್ಮ ಪುಸ್ತಕದಲ್ಲಿ ಒಂಬತ್ತು ಹಾಡನ್ನೂ ಅವಳ ಹೆಸರಿನಲ್ಲೇ ಹಾಕುವುದಾಗಿ ಮೇಡಂ ಹೇಳಿದರು. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು, "ಹೆಸ್ರು ವಸಿ ದಪ್ಪಗೆ ಹಾಕ್ಸಮ್ಮ. ನಮ್ಮೋರಿಗೆ ಕಣ್ಣು ಮಂದ," ಎಂದಳು. ನಗೆಯಾಡಿದ್ದು ನಿಜ. ಆದರೆ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎರಡು ತಿಂಗಳಿಗೆ ಬಡವನಹಳ್ಳಿ ಹತ್ತಿರ ಒಂದು ಕಟ್ಟಿನಲ್ಲಿ ಆ ಪುಸ್ತಕ ಸಿಕ್ಕಿತು. ಅವೇ ಒಂಬತ್ತು ಹಾಡು, ಯಾರ ಹೆಸರೂ ಇಲ್ಲ. ಸರಸ್ವತಿಯ ಚಿತ್ರವಿರುವ ರಟ್ಟು. ಮೇಲೆ 'ಮದುವೆಯ ಹಾಡುಗಳು' ಎಂದಿತ್ತು, ಕೆಳಗೆ 'ಬೆಲೆ ಎರಡಾಣೆ', ಮಧುಗಿರಿಯ ಪ್ರೆಸ್ಸಿನ ಹೆಸರು. ಆಣೆಗಳು ಹೋಗಿ ನಯಾಪೈಸೆ ಬಂದಾಗ ಅಕ್ಕ ಇನ್ನೂ ಸ್ಲೇಟು ಹಿಡಿಯದ ಮಗು. ಅಂದರೆ ಅವಳು ಕಟ್ಟಿದೆ ಅನ್ನುವ ಹಾಡು ಅವಳಿಗೆ ಅಕ್ಷರ ಬರುವ ಮೊದಲೇ ಅಚ್ಚಾಗಿದೆ. ನನಗೆ ಇನ್ನೇನೂ ಬೇಕಾಗಲಿಲ್ಲ. ಅಕ್ಕನ ನಾದಿನಿಯನ್ನು ಕೊಟ್ಟದ್ದು ಬಡವನಹಳ್ಳಿ ಕಡೆಗೇ ಎಂಬುದು ಕೂಡ ಹೊಳೆಯಲಿಲ್ಲ.

ಪುಸ್ತಕ ಹಿಡಿದು ಹುಲಿಕುಂಟೆಗೆ ಹೋದೆ. ಯಾರದೋ ಮದುವೆಗೆಂದು ಅಕ್ಕನ ಜಗಲಿಯ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಾ ಕೂತಿದ್ದರು. ಒಳಗೆ ಕರೆದು ಕೇಳಬಹುದಿತ್ತು. ಎಲ್ಲರ ಮುಂದೆಯೇ ಹೇಳಿದೆ. "ಅಕ್ಕ, ಇದು ನೀನು ಕಟ್ಟಿದ್ದಲ್ಲ. ನೀನು ಮಗುವಾಗಿದ್ದಾಗಲೇ ಅಚ್ಚಾಗಿರೋದು. ನೋಡು, ಎರಡಾಣೆ."

ಅಕ್ಕ ಪುಸ್ತಕ ಇಸಿದುಕೊಂಡು ಒಂದು ಪುಟ ತೆಗೆದು ಓದಿದಳು.

ಏರಿಯ ತನಕ ಬಂದ ತಮ್ಮ ಕಾಲೆಡವಿದ
ಧಾರೆ ಸೀರೆಯ ಸೆರಗ ಹರಿದು ಕಟ್ಟಿದೆನೊ

"ಇದು ಯಾರ್ಲಾ? ಎಡಗಾಲ ಹೆಬ್ಬೆಟ್ಟು ನೋಡ್ಕೊ. ಹೊಸಾ ಸೀರೆ ಹರ್ದೆ ಅಂತ ನಮ್ಮತ್ತೆ ಕೈಲಿ ಬೈಸ್ಕೊಂಡೋಳು ನಾನು."

ನನ್ನ ಹೆಬ್ಬೆರಳಿನಲ್ಲಿ ಗಾಯದ ಗುರುತು ಇದೆ. ಅವಳ ಮದುವೆಯಲ್ಲಿ ನನಗೆ ಒಂಬತ್ತು ವರ್ಷ, ಏನಾಯಿತೆಂದು ಸರಿಯಾಗಿ ನೆನಪಿರಲಿಲ್ಲ. ಹಳ್ಳಿಯಲ್ಲಿ ಬೆಳೆದ ಯಾರ ಕಾಲಲ್ಲಿ ಗುರುತಿಲ್ಲ ಎಂದುಕೊಂಡೆ. ಮದುವೆ ಹಾಡು ಅಂದಮೇಲೆ ತಮ್ಮ ಬಂದೇ ಬರುತ್ತಾನೆ ಎಂದುಕೊಂಡೆ. ನನ್ನ ಕಾಲನ್ನೇ ನಾನು ನಂಬಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪುಸ್ತಕ ತಿರುವಿ ನೋಡುತ್ತಿದ್ದೆ. ಒಳಗಿನ ಹಾಳೆಗಳಿಗೆ ಪಿನ್ನು ಹೊಡೆದ ಎರಡು ತೂತು. ರಟ್ಟಿನಲ್ಲಿ ಅವೆರಡರ ಜೊತೆಗೆ ಬೇರೆ ಮೂರು ತೂತು, ಸೂಜಿ ದಾರದಲ್ಲಿ ಹೊಲಿದಾಗ ಆಗುವಂಥವು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಆ ರಟ್ಟು ಮೊದಲು ಬೇರೆ ಪುಸ್ತಕದ ಮೇಲಿತ್ತು. ಎರಡಾಣೆ ಆ ಬೇರೆ ಪುಸ್ತಕದ ಬೆಲೆ. ಮಧುಗಿರಿಯಲ್ಲಿ ಇಳಿದೆ. ಪ್ರೆಸ್ಸಿನ ಕಡೆ ಹೋಗದೆ ಕಾಲೇಜಿಗೆ ಹೋದೆ.

ಯಾಕೆ ಎಂದು ಕೇಳುತ್ತೀರಿ. ಅಷ್ಟು ಹೊತ್ತಿಗೆ ಹತ್ತು ಹೆಂಗಸರ ಮುಂದೆ ಹೇಳಿ ಆಗಿತ್ತು. ಮಾತು ವಾಪಸ್ ತೆಗೆದುಕೊಂಡರೆ, ಅಕ್ಕನ ಹೆಸರು ಪುಸ್ತಕದಲ್ಲಿ ಬರಲಿ ಅಂತ ಸಿದ್ದಪ್ಪ ಕಥೆ ಕಟ್ಟುತ್ತಿದ್ದಾನೆ ಎಂದು ವಿಭಾಗದಲ್ಲಿ ಆಡಿಕೊಳ್ಳುತ್ತಾರೆ. ಎಲ್ಲರನ್ನೂ ಅನುಮಾನಿಸುವವನಿಗೆ, ತನ್ನ ಮೇಲೆ ಅನುಮಾನ ಬಂದೀತು ಎಂಬ ಭಯದಷ್ಟು ದೊಡ್ಡ ಭಯ ಇನ್ನೊಂದಿಲ್ಲ. ಅಲ್ಲದೆ, ಆ ಊರಿನಲ್ಲಿ ನನ್ನನ್ನು ಗಂಗಮ್ಮನ ತಮ್ಮ ಎಂದಷ್ಟೇ ಕರೆಯುತ್ತಿದ್ದರು. ಅದೂ ಒಳಗೆಲ್ಲೋ ಚುಚ್ಚುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ.

ಮೇಡಂ ಆ ಪುಸ್ತಕದ ರಟ್ಟು ನೋಡಿದರು. ನನ್ನ ಮುಖ ನೋಡಿದರು. "ಖಚಿತವಾ ಸಿದ್ದಪ್ಪ?"

"ಖಚಿತ ಮೇಡಂ."

ಅವರ ಪುಸ್ತಕ ಹೊರಬಂತು. ಒಂಬತ್ತು ಹಾಡುಗಳ ಕೆಳಗೆ 'ಕರ್ತೃ ತಿಳಿದಿಲ್ಲ' ಎಂದಿತ್ತು.

ಹುಲಿಕುಂಟೆಯಲ್ಲಿ ಏನಾಯಿತೆಂದು ನನಗೆ ಹೇಳಿದವಳು ಅಕ್ಕನ ಸೊಸೆ. ಮದುವೆ ಮನೆಗಳಲ್ಲಿ, "ಗಂಗಕ್ಕ, ಇವತ್ತು ಯಾವ್ ಪುಸ್ತಕದ್ ಹಾಡು?" ಎಂದು ಕೇಳಿ ನಗುತ್ತಿದ್ದರಂತೆ. ಅಕ್ಕ ಮೊದಮೊದಲು ನಕ್ಕಳು, ಆಮೇಲೆ ಗಂಟಲು ಕೆಟ್ಟಿದೆ ಎಂದಳು, ಆಮೇಲೆ ಹಾಡಲು ಹೋಗುವುದನ್ನೇ ಬಿಟ್ಟಳು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಹೋದಾಗ ಮುದ್ದೆ ಬಡಿಸುತ್ತಿದ್ದಳು. ಮೊದಲೆಲ್ಲ, ಚೀಲದಲ್ಲಿ ಇವತ್ತು ಏನು ತಂದೆ, ಓದಿ ಹೇಳು ಅನ್ನುತ್ತಿದ್ದವಳು ಆ ಮಾತೊಂದನ್ನು ಕೇಳುವುದು ನಿಲ್ಲಿಸಿದಳು.

ಕೆಲಸದ ರೀತಿ ಬದಲಾಯಿತು. ಕೈಯಲ್ಲಿ ಬರೆಯುವ ಚೀಟಿ ಹೋಗಿ ಜೆರಾಕ್ಸ್ ಬಂತು, ಜೆರಾಕ್ಸ್ ಹೋಗಿ ಕ್ಯಾಮೆರಾ ಬಂತು. ನಾನು ನಿವೃತ್ತನಾದೆ. ಮರುವರ್ಷ ಮಧುಗಿರಿಯ ಆ ಪ್ರೆಸ್ಸು ಮುಚ್ಚುತ್ತಿದೆ, ಹಳೆಯ ಸಾಮಾನು ಗುಜರಿಗೆ ಹೋಗುತ್ತಿದೆ ಎಂದು ಕೇಳಿ ಕೊನೆಗೂ ಆ ಐದು ನಿಮಿಷದ ದಾರಿ ನಡೆದೆ. ಅಲ್ಲಿ ಮೊಳೆ ಜೋಡಿಸುತ್ತಿದ್ದ ಮುದುಕ ನರಸಿಂಹಯ್ಯ ಇದ್ದರು. ಒಂದು ಮೂಲೆಯಲ್ಲಿ ಸರಸ್ವತಿಯ ಚಿತ್ರದ ರಟ್ಟುಗಳ ಕಟ್ಟು. ಎಲ್ಲದರಲ್ಲೂ ಮೂರು ತೂತು, ಎಲ್ಲದರ ಮೇಲೂ ಎರಡಾಣೆ.

"ಅದಾ? ಹಳೇ ಕಾಲದ್ದು," ಎಂದರು ನರಸಿಂಹಯ್ಯ. "ಒಂದ್ ಮಳೇಲಿ ಸೂರು ಸೋರಿ ಪುಸ್ತಕದ ಒಳಹಾಳೆ ಎಲ್ಲಾ ಅಂಟ್ಕೊಂಡ್ವು. ರಟ್ಟು ಗಟ್ಟಿ ಇತ್ತು. ದಾರ ಕಿತ್ತು ಬೇರೆ ಮಾಡಿಟ್ವಿ. ಮದ್ವೆ ಹಾಡು ಅಂತ ಯಾರು ಬಂದ್ರೂ ಇದನ್ನೇ ಮೇಲೆ ಹಾಕಿ ಪಿನ್ ಹೊಡ್ದು ಕೊಡ್ತಿದ್ವಿ."

"ಹುಲಿಕುಂಟೆಯಿಂದ ಯಾರಾದ್ರೂ ಬಂದಿದ್ದು ನೆನಪಿದೆಯಾ?"

"ಊರು ನೆನಪಿಲ್ಲ. ಸೊಸೆ ಬರ್ದಿರೋ ಹಾಡು ಅಂತ ಒಬ್ರು ಮಾವ ನೋಟ್‌ಬುಕ್ ತಂದಿದ್ರು. ಅಂಗೆ ತಂದೋರು ಅವರೊಬ್ರೇ, ಅದ್ಕೆ ನೆನಪು. ಅಕ್ಷರ ಇರುವೆ ಸಾಲ್ ಇಟ್ಟಂಗಿತ್ತು. ಕಣ್ಣು ಹೋದ್ವು ನಂಗೆ."

ಇಷ್ಟು ಕೇಳಿದ ಮೇಲೂ ನಾನು ಸುಮ್ಮನಿದ್ದೆ. ಮೂರು ವರ್ಷ. ಇದು ಮೊದಲಿನದಕ್ಕಿಂತ ದೊಡ್ಡ ತಪ್ಪು.

ಹೋದ ವರ್ಷ ಸುಜಾತ ಅವರು ಹಳೆಯ ಪುಸ್ತಕಗಳನ್ನೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಲು ನನ್ನ ಸಹಾಯ ಕೇಳಿದರು. ಮೊಬೈಲಿನಲ್ಲಿ ಏನು ಕಾಣುತ್ತದೆ, ಬೆರಳಿಗೆ ಸಿಗುವುದು ಅದಕ್ಕೆ ಸಿಗುತ್ತದೆಯೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮಧ್ಯಾಹ್ನ ಅವರು ಆ ಮದುವೆ ಹಾಡಿನ ಪುಸ್ತಕದ ಚಿತ್ರವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು. "ಸಿದ್ದಪ್ಪನವರೆ, ಇದರ ರಟ್ಟಿನಲ್ಲಿ ಐದು ತೂತಿದೆ. ಒಳಗೆ ಎರಡೇ. ರಟ್ಟು ಬೇರೆಯದು ಅಲ್ವಾ? ಹಾಗಾದ್ರೆ ಎರಡಾಣೆ ನಂಬೋ ಹಾಗಿಲ್ಲ. ಆವಾಗ ಯಾರೂ ನೋಡಲಿಲ್ವಾ?"

ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲಿಲ್ಲ ಆಕೆಗೆ. "ನಾನು ನೋಡಿದ್ದೆ," ಎಂದೆ. ಎಲ್ಲವನ್ನೂ ಹೇಳಿದೆ.

ಸುಜಾತ ಅವರು ಅಲ್ಲಿಂದಲೇ ನನ್ನ ಕೈಯಲ್ಲಿ, ಮೈಸೂರಿನಲ್ಲಿ ಮಗಳ ಮನೆಯಲ್ಲಿರುವ ಮೇಡಂಗೆ ಫೋನ್ ಮಾಡಿಸಿದರು. ಮೇಡಂ ಎಲ್ಲವನ್ನೂ ಮೊದಲಿನಿಂದ ಹೇಳಿಸಿಕೊಂಡರು. ಆಮೇಲೆ, "ಅಕ್ಕನ ವಿಷಯವನ್ನು ತಮ್ಮನ ಕೈಯಲ್ಲಿ ತೀರ್ಮಾನ ಮಾಡಿಸಿದೆನಲ್ಲ, ಅದು ನನ್ನ ತಪ್ಪು," ಎಂದರು. "ನಾನೇ ಪ್ರೆಸ್ಸಿಗೆ ಹೋಗಬೇಕಿತ್ತು. ನನ್ನ ಪುಸ್ತಕ ಅಚ್ಚಾಗಿ ಹೋಯಿತು, ಇನ್ನು ತಿದ್ದಲಾಗದು. ಹೊಸ ಪಟ್ಟಿಯಲ್ಲಿ ಅವರ ಹೆಸರು ಬರೆಯಿರಿ. ನೀನು ಮಾತ್ರ ಊರಿಗೆ ಹೋಗು ಸಿದ್ದಪ್ಪ." ಹೊಸ ಪಟ್ಟಿಯಲ್ಲಿ ಒಂಬತ್ತು ಹಾಡುಗಳ ಮುಂದೆ ಈಗ 'ಗಂಗಮ್ಮ, ಹುಲಿಕುಂಟೆ' ಎಂದಿದೆ.

ಮಾರನೆಯ ದಿನ ಬೆಳಗ್ಗೆ ಹೋದೆ. ಹುಣಸೆಹಣ್ಣಿನ ಕಾಲ. ಜಗಲಿಯ ಮೇಲೆ ಬೀದಿಯ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅಕ್ಕ ಒಳಗೆ ಒಲೆ ಮುಂದಿದ್ದಳು. ಪಕ್ಕದಲ್ಲಿ ಕೂತು ರಟ್ಟಿನ ವಿಷಯ, ಪ್ರೆಸ್ಸಿನ ವಿಷಯ ಹೇಳಿದೆ. ಅವಳು ಹಿಟ್ಟಿನ ಕೋಲು ತಿರುವುತ್ತಲೇ ಕೇಳಿದಳು.

"ಆವತ್ತೇ ಗೊತ್ತಿತ್ತೇನ್ಲಾ?"

"ಬಸ್ಸಲ್ಲಿ ವಾಪಸ್ ಹೋಗುವಾಗ ಗೊತ್ತಾಯ್ತಕ್ಕ."

ಅವಳು ಮಡಕೆ ಇಳಿಸಿ, ಕೈ ಒರೆಸಿಕೊಂಡಳು. "ನಂಗ್ಯಾಕ್ಲಾ ಹೇಳ್ತೀಯ? ಹಾಡು ನಂದು ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರು ಆಚೆ ಕೂತವ್ರೆ. ಹೋಗ್ ಅವರ್ಗೆ ಹೇಳು."

ಆಚೆ ಬಂದೆ. ಒಬ್ಬ ಮುದುಕಿ ತಲೆ ಎತ್ತಿ, "ಏನ್ ಸಿದ್ದಪ್ನೋರೆ, ಇವತ್ತು ಯಾವ್ ಪುಸ್ತಕ ಹಿಡ್ಕೊಂಡ್ ಬಂದ್ರಿ?" ಎಂದಳು. ಎರಡು ಮೂರು ಜನ ನಕ್ಕರು. ಅಕ್ಕ ಬಂದು ಬಾಗಿಲಲ್ಲಿ ನಿಂತಳು. ನಾನು ಹೆಂಗಸರ ಎದುರಿಗೆ ಹೋಗಿ ನಿಂತೆ.

"ಇಲ್ಲಿ ಕೇಳ್ರವ್ವ. ಹಿಂದೆ ಇದೇ ಜಗಲೀಲಿ ನಿಂತು ನಮ್ಮಕ್ಕನ ಹಾಡು ಅವಳದಲ್ಲ ಅಂತ ಹೇಳ್ದೆ. ಅದು ಸುಳ್ಳು. ಒಂಬತ್ತು ಹಾಡೂ ಅವಳೇ ಕಟ್ಟಿದ್ದು. ನನ್ನ ಮಾತು ನಂಬಿ ನೀವು ಅವಳನ್ನ ಆಡ್ಕೊಂಡ್ರಿ. ತಪ್ಪು ನಿಮ್ದಲ್ಲ, ನಂದು." ಅಕ್ಕನ ಕಡೆ ತಿರುಗಿದೆ. "ಅಕ್ಕಾ, ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ನಿನ್ ಬಾಯಿ ಮುಚ್ಚಿಸ್ಬುಟ್ಟೆ. ತಪ್ಪಾಯ್ತಕ್ಕ. ಹೊಟ್ಟೆಗ್ ಹಾಕ್ಕೊಂಬುಡು."